ಹಬ್ಬದ ಹೊಸ ಸಾಮಾನು ಮತ್ತು ಅದನ್ನು ಉಜ್ಜುವ ಕೈ

ಗೌರಿ ಹಬ್ಬದಿಂದ ದೀಪಾವಳಿವರೆಗೆ ಮನೆಸಾಮಾನಿನ ಅಂಗಡಿಗಳಿಗೆ ಸುಗ್ಗಿ. ಹಿಂದೆ ಈ ದಿನಗಳಲ್ಲಿ ಗೋಡೆಗೆ ಸುಣ್ಣ ಬಳಿದು, ಅಟ್ಟದ ಪಾತ್ರೆ ಇಳಿಸಿ ತೊಳೆದು, ಬಾಗಿಲಿಗೆ ತೋರಣ ಕಟ್ಟಿದರೆ ಮನೆ ಹಬ್ಬಕ್ಕೆ ಸಜ್ಜು. ಹೊಸದು ಅಂತ ಬರುತ್ತಿದ್ದುದು ಮೈಮೇಲಿನ ಬಟ್ಟೆ ಮಾತ್ರ. ಈಗ ದಿಂಬಿನ ಕವರು, ಲ್ಯಾಂಪು, ಹೂದಾನಿ, ಕನ್ನಡಿಗಳಿಗೂ ‘ಈ ಸೀಸನ್ನಿನದು’ ಎಂಬ ಮಾತು ಅಂಟಿಕೊಂಡಿದೆ. ಈಚಿನ ವರ್ಷಗಳ ರುಚಿ ಯಾವುದೆಂದು ಹೇಳುವುದು ಕಷ್ಟವಲ್ಲ. ನಡುಮನೆಯಲ್ಲಿ ಹೂ ತೇಲಿಸಿದ ಹಿತ್ತಾಳೆ ಉರುಳಿ, ಬೆತ್ತದ ಹೆಣಿಗೆಯ ದೀಪ, ಖಣದ ದಿಂಬು, ಗೋಡೆಯ ಮೇಲೆ ಚಿತ್ತಾರದ ಬುಟ್ಟಿ, ಬಾಗಿಲಿಗೆ ಚನ್ನಪಟ್ಟಣದ ಮಣಿಗಳ ತೋರಣ. ಗೋಡೆಗಂತೂ ಮಣ್ಣಿನ ಬಣ್ಣವೇ ಆಗಬೇಕು, ಅದು ಡಬ್ಬಿಯಲ್ಲಿ ಬಂದ ಪೇಂಟಾದರೂ ಸರಿ.

ಈ ರುಚಿಯ ಬಗ್ಗೆ ನಮ್ಮಲ್ಲಿ ಎರಡು ಪಕ್ಷಗಳಿವೆ. ಕೊಳ್ಳುವುದಾದರೆ ಕೈಕೆಲಸದ್ದನ್ನೇ ಕೊಳ್ಳಿ, ನಾಲ್ಕು ಜನ ಕುಶಲಕರ್ಮಿಗಳ ಒಲೆ ಉರಿಯುತ್ತದೆ, ನಿಮ್ಮ ಮನೆ ನಿಮ್ಮದೇ ಮನೆಯ ಹಾಗೆ ಕಾಣುತ್ತದೆ ಎನ್ನುವುದು ಒಂದು. ಬಾಡಿಗೆ ಮನೆಯಲ್ಲಿರುವವರಿಗೆ, ತಿಂಗಳ ಕಂತು ಕಟ್ಟುವವರಿಗೆ ಅಗ್ಗದ, ಹಗುರದ, ಒರೆಸಿದರೆ ಸಾಕೆನ್ನುವ ಕಾರ್ಖಾನೆ ಸಾಮಾನೇ ಲೇಸು, ಪರಂಪರೆಯನ್ನು ಮ್ಯೂಸಿಯಮ್ಮಿನಲ್ಲಿ ನೋಡೋಣ ಎನ್ನುವುದು ಇನ್ನೊಂದು. ಎರಡೂ ಕಡೆಯವರು ಅಂದ, ಬೆಲೆ, ಸಂಸ್ಕೃತಿ ಎಲ್ಲವನ್ನೂ ಎತ್ತುತ್ತಾರೆ. ಹಬ್ಬ ಮುಗಿದ ಮೇಲೆ ಆ ಸಾಮಾನನ್ನು ಯಾರು ಉಜ್ಜುತ್ತಾರೆ ಎಂಬುದನ್ನು ಮಾತ್ರ ಎತ್ತುವುದಿಲ್ಲ. ಬೆಲೆ ಚೀಟಿಯಲ್ಲಿ ಇರುವುದು ಅರ್ಧ ಬೆಲೆ. ಉಳಿದರ್ಧವನ್ನು ವರ್ಷವಿಡೀ ಧೂಳು ಹೊಡೆಯುವ ಕೈ ತೆರುತ್ತದೆ. ಆ ಕೈ ಬಹುಪಾಲು ಮನೆಗಳಲ್ಲಿ ಯಾರದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಉರುಳಿಯನ್ನೇ ನೋಡಿ. ಮೂಲದಲ್ಲಿ ಅದು ಕೇರಳದ ಕಡೆ ಪಾಯಸ ಕಾಯಿಸುವ ಅಡುಗೆ ಪಾತ್ರೆ. ಕಂಚಿನಲ್ಲಿ ಎರಕ ಹೊಯ್ದ, ಇಬ್ಬರು ಹಿಡಿದು ಇಳಿಸಬೇಕಾದ ತೂಕದ್ದು. ಆಲಪ್ಪುಳ ಜಿಲ್ಲೆಯ ಮಾನ್ನಾರಿನ ಎರಕದವರು ಇಂಥ ಕೆಲಸಕ್ಕೆ ಇವತ್ತಿಗೂ ಹೆಸರಾದವರು. ನಮ್ಮ ನಾಗಮಂಗಲದಲ್ಲೂ ಲೋಹದ ಕೆಲಸಕ್ಕೆ ಹಳೆಯ ಹೆಸರಿದೆ. ಆದರೆ ಈಗ ಅಲಂಕಾರಕ್ಕೆಂದು ಮಾರಾಟವಾಗುವ ಹಿತ್ತಾಳೆ ಸಾಮಾನಿನಲ್ಲಿ ದೊಡ್ಡ ಪಾಲು ಬರುವುದು ಉತ್ತರ ಪ್ರದೇಶದ ಮೊರಾದಾಬಾದಿನಿಂದ. ತಗಡು ತೆಳು, ಅಂಚಿನಲ್ಲಿ ಗಂಟೆಗಳು, ನಾಲ್ಕು ಕಾಲಿನ ಪೀಠ. ನೋಡಲು ಚೆಂದವೇ, ಸಂಶಯವಿಲ್ಲ. ಸಂಜೆ ದೀಪದ ಬೆಳಕಿನಲ್ಲಿ ಹಿತ್ತಾಳೆಗಿರುವ ಮೆರುಗನ್ನು ಯಾವ ಚಿನ್ನದ ಬಣ್ಣದ ಪ್ಲಾಸ್ಟಿಕ್ಕೂ ಕೊಡಲಾರದು.

ಬೆಂಗಳೂರಿನ ಚಿಕ್ಕಪೇಟೆಯ ಆಸುಪಾಸಿನ ಪಾತ್ರೆ ಅಂಗಡಿಗಳಲ್ಲಿ ಇದು ತೂಕದ ಲೆಕ್ಕದಲ್ಲಿ ಸಿಗುತ್ತದೆ. ‘ಅಕ್ಕಾ, ಪ್ಯೂರ್ ಹಿತ್ತಾಳೆ, ಬೇಕಾದ್ರೆ ಮ್ಯಾಗ್ನೆಟ್ ಇಟ್ಟು ನೋಡಿ’ ಎನ್ನುತ್ತಾರೆ. ಅಯಸ್ಕಾಂತದ ಪರೀಕ್ಷೆ ಅರ್ಧ ಮಾತ್ರ ನಿಜ. ಕಬ್ಬಿಣಕ್ಕೆ ಹಿತ್ತಾಳೆ ಲೇಪ ಕೊಟ್ಟಿದ್ದರೆ ಅಂಟುತ್ತದೆ, ಸಿಕ್ಕಿಬೀಳುತ್ತದೆ. ಅಲ್ಯುಮಿನಿಯಂಗೆ ಕೊಟ್ಟಿದ್ದರೆ ಅಂಟುವುದಿಲ್ಲ. ಹಾಗಾಗಿ ಎತ್ತಿ ನೋಡುವುದೇ ಸರಿ: ಒಂದೇ ಗಾತ್ರದ ತುಂಡಿನಲ್ಲಿ ಹಿತ್ತಾಳೆ ಅಲ್ಯುಮಿನಿಯಂಗಿಂತ ಸುಮಾರು 3 ಪಟ್ಟು ಭಾರ. ಅಸಲಿ ಹಿತ್ತಾಳೆಗೆ ಇನ್ನೊಂದು ಗುಣವಿದೆ, ಅದಕ್ಕೆ ಕೊನೆಯ ಬೆಲೆಯೂ ಉಂಟು. ಇಪ್ಪತ್ತು ವರ್ಷದ ನಂತರ ಬೇಡವೆನಿಸಿದರೂ ಪಾತ್ರೆ ಅಂಗಡಿಯವರು ತೂಕ ಹಾಕಿಕೊಂಡು ಹಣ ಎಣಿಸುತ್ತಾರೆ. ಕೈಕೆಲಸದ ಪಕ್ಷದವರ ಬಲವಾದ ವಾದ ಇದು, ಒಪ್ಪತಕ್ಕದ್ದೇ.

ಈಗ ಉಜ್ಜುವ ಮಾತು. ತಾಮ್ರ ಸತುಗಳ ಈ ಮಿಶ್ರಲೋಹ ಗಾಳಿಗೆ, ಬೆವರಿನ ಕೈಗೆ ಕಪ್ಪಾಗುತ್ತದೆ. ನೀರು ನಿಂತಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಹುಣಸೆಹಣ್ಣು, ಉಪ್ಪು, ಇಲ್ಲವೇ ಪೀತಾಂಬರಿ ಪುಡಿ ಹಾಕಿ ತಿಕ್ಕಬೇಕು, ತಕ್ಷಣ ಒರೆಸಿ ಒಣಗಿಸಬೇಕು. ಹಾಗೇ ಬಿಟ್ಟರೆ ಒಣಗಿದ ನೀರಿನ ಹನಿಯೊಂದೊಂದೂ ಕಲೆಯಾಗಿ ಕೂರುತ್ತದೆ. ಕೆತ್ತನೆಯಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಗತಿ. ಕೆಲವು ಅಂಗಡಿಯವರು ಮೆರುಗೆಣ್ಣೆಯ ಲೇಪ ಕೊಟ್ಟು ‘ಇದು ಕಪ್ಪಾಗೋದೇ ಇಲ್ಲ’ ಎನ್ನುತ್ತಾರೆ. ಲೇಪ ಇರುವಷ್ಟು ದಿನ ನಿಜ. ವಿಷಯ ಗೊತ್ತಿಲ್ಲದೆ ಯಾರಾದರೂ ಒಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಲೇಪ ಅಲ್ಲಲ್ಲಿ ಎದ್ದು, ಪಾತ್ರೆಗೆ ತೊನ್ನು ಹತ್ತಿದಂತೆ ಕಾಣುತ್ತದೆ. ಮನೆಗೆಲಸಕ್ಕೆ ಬರುವವರ ಜೊತೆ ಮಾತಾಗಿರುವುದು ಕಸ, ಮುಸುರೆ, ನೆಲ. ಹಿತ್ತಾಳೆ ಆ ಲೆಕ್ಕದಲ್ಲಿಲ್ಲ. ಹಾಗಾಗಿ ದೇವರ ದೀಪಗಳ ಜೊತೆ ಅದೂ ಗುರುವಾರ ಸಂಜೆ ಮನೆಯಾಕೆಯ ಸಿಂಕಿಗೆ ಬಂದು ಸೇರುತ್ತದೆ.

ಉರುಳಿಯ ನೀರಿನದೇ ಬೇರೆ ಕತೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ ತಿಳಿನೀರೆಂದರೆ ಪ್ರೀತಿ. ಮೊಟ್ಟೆಯಿಂದ ರೆಕ್ಕೆವರೆಗೆ ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಹಬ್ಬದ ದಿನ ಹಾಕಿದ ಸೇವಂತಿಗೆ ಎಸಳು ಕೊಳೆಯುವವರೆಗೆ ನೀರು ಬದಲಿಸದ ಮನೆಗಳು ಇಲ್ಲದಿಲ್ಲ. ದಿನಾ ನೀರು ಚೆಲ್ಲಿ ತುಂಬಿಸುವವರಿಗೆ ಉರುಳಿ ಶೋಭೆ. ಉಳಿದವರು ಅದರಲ್ಲಿ ನೀರಿಲ್ಲದೆ ಹಣ್ಣು ಇಟ್ಟರೂ ಚೆನ್ನಾಗಿಯೇ ಕಾಣುತ್ತದೆ.

ಇದನ್ನೆಲ್ಲ ಕೇಳಿ ಕಾರ್ಖಾನೆ ಪಕ್ಷದವರು ನಗುತ್ತಾರೆ, ನಗಲಿ. ಅವರ ಕಡೆ ನಿಜವಾಗಿಯೂ ತೂಕವಿದೆ. 2018ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ, 2022ರ ಜೂನಿನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ಬಾಗಿಲು ತೆರೆದಾಗ ಜನ ಮುಗಿಬಿದ್ದದ್ದು ಬರೀ ವಿದೇಶಿ ವ್ಯಾಮೋಹದಿಂದಲ್ಲ. ಅದಕ್ಕೆ ಮೊದಲು ನಮ್ಮ ಮಧ್ಯಮ ವರ್ಗಕ್ಕೆ ಇದ್ದ ದಾರಿಗಳಾದರೂ ಯಾವುವು? ‘ನಾಳೆ ಬರ್ತೀನಿ ಸಾರ್’ ಎಂದು ಹೋದ ಬಡಗಿಯನ್ನು ಕಾಯುವುದು, ಇಲ್ಲವೇ ಶೋರೂಮಿನಲ್ಲಿ ಬೆಲೆ ಕೇಳಿ ಎದ್ದು ಬರುವುದು. ಹೊಸದಾಗಿ ಸಂಸಾರ ಹೂಡಿದ ಇಬ್ಬರು ಒಂದೇ ದಿನದಲ್ಲಿ, ತಮ್ಮ ಸಂಬಳದೊಳಗೆ, ಬಣ್ಣಕ್ಕೆ ಬಣ್ಣ ಹೊಂದುವ ಕಪಾಟು, ದೀಪ, ಪರದೆ, ತಟ್ಟೆಗಳನ್ನು ತರಬಹುದು ಎನ್ನುವುದು ಸಣ್ಣ ಸ್ವಾತಂತ್ರ್ಯವಲ್ಲ. ಚೆಂದದ ಮನೆ ಎನ್ನುವುದು ಆರ್ಕಿಟೆಕ್ಟ್ ಇಟ್ಟುಕೊಂಡವರ ಸೊತ್ತಾಗಿತ್ತು. ಅದನ್ನು ತಪ್ಪಿಸಿದ್ದರಲ್ಲಿ ಈ ಅಂಗಡಿಗಳಿಗೂ, ಆನ್‌ಲೈನಿನಲ್ಲಿ ಹೀಗೆ ಬಿಡಿಸಿ ಜೋಡಿಸುವ ಸಾಮಾನು ಮಾರುವ ನಮ್ಮ ದೇಶದ ಕಂಪನಿಗಳಿಗೂ ಪಾಲಿದೆ. ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೇಜಿನ ಮೇಲ್ಮೈ ಶುಚಿ. ಉಜ್ಜುವ ಕೈಗೆ ಇಲ್ಲಿ ಬಿಡುವು.

ಆದರೆ ಆ ಒದ್ದೆ ಬಟ್ಟೆಯೇ ಈ ಸಾಮಾನಿನ ಶತ್ರು ಕೂಡ. ಅಗ್ಗದ ಕಪಾಟುಗಳ ಹೊಟ್ಟೆಯಲ್ಲಿರುವುದು ಪಾರ್ಟಿಕಲ್ ಬೋರ್ಡು: ಮರದ ಚಕ್ಕೆ, ಹೊಟ್ಟನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಹೊರಗಿನ ತೆಳು ಹಾಳೆ ನೀರನ್ನು ತಡೆಯುತ್ತದೆ, ಅಂಚುಗಳು ತಡೆಯುವುದಿಲ್ಲ. ನೆಲವನ್ನು ಒರೆಸುವುದರಲ್ಲಿ ನಾವು ಉದಾರಿಗಳು. ಬಕೆಟ್ಟಿನಲ್ಲಿ ಅದ್ದಿದ ಮಾಪು ದಿನಾ ಬೆಳಿಗ್ಗೆ ಕಪಾಟಿನ ಬುಡಕ್ಕೆ ತಾಗಿ ಹೋಗುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬುಡದ ಅಂಚಿಗೆ ಅಂಟಿಸಿದ ಪಟ್ಟಿ ಬಿಟ್ಟು, ಒಳಗಿನ ಹೊಟ್ಟು ನೆನೆದು ಉಬ್ಬುತ್ತದೆ, ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ. ಉಬ್ಬಿದ ಬೋರ್ಡನ್ನು ಮತ್ತೆ ಒತ್ತಿ ಸರಿಮಾಡುವ ಬಡಗಿ ಎಲ್ಲೂ ಇಲ್ಲ. ಮನೆ ಬದಲಿಸುವಾಗ ಬಿಚ್ಚಿ ಕಟ್ಟಿದರೆ ಸ್ಕ್ರೂ ಹಿಡಿದ ತೂತು ಸಡಿಲವಾಗುತ್ತದೆ. ಗುಜರಿಯವನೂ ಕೈಯಾಡಿಸಿ ‘ಇದು ಬೇಡ ಸಾರ್’ ಎಂದು ತಳ್ಳುಗಾಡಿ ತಳ್ಳಿಕೊಂಡು ಹೋಗುತ್ತಾನೆ. ಸಾಗರ, ಮಂಗಳೂರಿನಂಥ ಊರುಗಳಲ್ಲಿ ಮಾಪು ತಾಗಿಸಬೇಕೆಂದೇ ಇಲ್ಲ, ಆಷಾಢದ ಗಾಳಿಯೇ ಸಾಕು. ಅಲ್ಲಿನವರು ಇಂಥದ್ದನ್ನು ಕೊಳ್ಳುವುದಾದರೆ ಕಾಲಿನ ಮೇಲೆ ನಿಂತ, ನೆಲಕ್ಕೆ ತಾಗದ ಮಾದರಿಯನ್ನು ಆರಿಸಬೇಕು. ದುಡ್ಡು ಸ್ವಲ್ಪ ಹೆಚ್ಚಾದರೂ ನೀರು ತಡೆಯುವ ಪ್ಲೈವುಡ್ಡು ಲೇಸು.

ಬೆತ್ತ, ಬಿದಿರಿನ ಬಗ್ಗೆ ಎರಡೇ ಮಾತು. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆದುಹಾಕಿದರು. 2025ರ ಸೆಪ್ಟೆಂಬರಿನಲ್ಲಿ ಬಿದಿರು, ಬೆತ್ತದ ಪೀಠೋಪಕರಣದ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಹಾಗಾಗಿ ಈ ಸಾಮಾನಿಗೆ ಕಾಲ ಕೂಡಿಬಂದಿದೆ. ಆದರೆ ಹೆಣಿಗೆಯ ಸಂದುಗಳಲ್ಲಿ ಕೂತ ಧೂಳಿಗೆ ಬ್ರಷ್ ಹಿಡಿದು ಕೂರಬೇಕು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹದ ಮಾಡದ ಬಿದಿರಿಗೆ ಹುಳ ಬಿದ್ದು ಬೆಳಿಗ್ಗೆ ನೆಲದ ಮೇಲೆ ಹಿಟ್ಟು ಉದುರಿರುತ್ತದೆ. ದೀಪಕ್ಕೆ ಬೇಡ, ಕುರ್ಚಿಗೆ ಇರಲಿ ಎನ್ನುವುದು ನನ್ನ ಮತ. ಕೂರುವವರ ಬಟ್ಟೆಯೇ ಅರ್ಧ ಧೂಳು ಒರೆಸಿಬಿಡುತ್ತದೆ.

ಚನ್ನಪಟ್ಟಣಕ್ಕೆ ಬರೋಣ, ಏಕೆಂದರೆ ಎರಡೂ ಪಕ್ಷಗಳ ವಾದ ಅಲ್ಲಿ ಒಂದೇ ವಸ್ತುವಿನಲ್ಲಿ ಸೇರುತ್ತದೆ. ಆಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿ ಹಿಡಿದು ರೂಪ ತಂದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯ ತುಂಡಿನಿಂದ ಒತ್ತಿದರೆ ಕನ್ನಡಿಯ ಹೊಳಪು. ಬಣ್ಣ ಬಳಿದದ್ದಲ್ಲ, ಹೊದೆಸಿದ್ದು. ಅದಕ್ಕೇ ಅದು ಸುಲಭವಾಗಿ ಚಕ್ಕೆ ಏಳುವುದಿಲ್ಲ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಉಜ್ಜುವ ಕೈಗೆ ಇಷ್ಟು ಕರುಣೆ ತೋರುವ ಕೈಕೆಲಸ ಕಡಿಮೆ. ಆಟಿಕೆಯ ಮಾರುಕಟ್ಟೆ ಕುಗ್ಗಿದಾಗ ಅಲ್ಲಿನವರು ಕಪಾಟಿನ ಗುಬ್ಬಿ, ಮೇಜುದೀಪದ ಬುಡ, ಉಪ್ಪಿನ ಬಟ್ಟಲು, ನ್ಯಾಪ್ಕಿನ್ನಿನ ಬಳೆ, ಪರದೆಯ ಮಣಿಗಳ ಕಡೆ ಹೊರಳಿದರು. ಗೊಂಬೆ ಮಾಡುವ ಊರು ಗುಬ್ಬಿ ಮಾಡುವಂತಾಯಿತಲ್ಲ ಎಂದು ಮರುಗುವವರಿದ್ದಾರೆ. ನನಗೆ ಆ ಮರುಕ ಅರ್ಥವಾಗುವುದಿಲ್ಲ. ಕಪಾಟಿನ ಗುಬ್ಬಿಯನ್ನು ದಿನಕ್ಕೆ ಹತ್ತು ಸಲ ಮುಟ್ಟುತ್ತೇವೆ. ಶೋಕೇಸಿನ ಗೊಂಬೆಯನ್ನು ಮುಟ್ಟುವುದೇ ಇಲ್ಲ.

ಕುಂದೂ ಇದೆ. ಅರಗು ಕಾವಿಗೆ ಮೆತ್ತಗಾಗುವ ವಸ್ತು. ಲೋಟದಡಿ ಇಡುವ ಬಿಲ್ಲೆಯಾಗಿ ಅದನ್ನು ಮಾರುವುದು ಅಷ್ಟು ಸರಿಯಲ್ಲ. ಕುದಿಯುವ ಕಾಫಿ ಲೋಟ ಇಟ್ಟೆತ್ತಿದರೆ ಉಂಗುರದ ಗುರುತು ಉಳಿಯುತ್ತದೆ. ನೆನೆದರೂ ಮರ ಬಿರಿಯಬಹುದು. ಜೊತೆಗೆ, ಅಲ್ಲಿ ಮಾರುವುದೆಲ್ಲ ಅಲ್ಲಿಯದೇ ಅಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ, ಕಾರುಗಳು ಊರನ್ನು ಬಳಸಿಕೊಂಡು ಹಾರಿಹೋದ ಮೇಲೆ ಹಳೆಯ ಹೆದ್ದಾರಿ ಬದಿಯ ಅಂಗಡಿಗಳ ವ್ಯಾಪಾರ ಬಿದ್ದಿತು. ಬದುಕಿಕೊಳ್ಳಲು ಕೆಲವರು ಹೊರಗಿನ ಪ್ಲಾಸ್ಟಿಕ್ಕನ್ನೂ ಜೊತೆಗಿಟ್ಟರು. ಭೌಗೋಳಿಕ ಸೂಚ್ಯಂಕದ ಗುರುತು ಸಿಕ್ಕಿದ ಸರಕು ಹೌದು, ಆದರೆ ರಸ್ತೆ ತಿರುಗಿದರೆ ಗಿರಾಕಿಯೂ ತಿರುಗುತ್ತಾನೆ. ಸೀಸನ್ನಿನ ಫ್ಯಾಷನ್ನು ಕುಶಲಕರ್ಮಿಯನ್ನು ಉಳಿಸುತ್ತದೆ ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫ್ಯಾಷನ್ನು ಬಂದಷ್ಟೇ ಬೇಗ ಹೋಗುತ್ತದೆ, ಲೇತಿನ ಸಾಲದ ಕಂತು ಹೋಗುವುದಿಲ್ಲ.

ಉಜ್ಜುವ ಲೆಕ್ಕದಲ್ಲಿ ಬೀದರಿನ ಬಿದರಿ ಹಿತ್ತಾಳೆಗೆ ತಿರುವುಮುರುವು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಗೆರೆಗಳಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿದ ದ್ರಾವಣದ ಉಪಚಾರ. ಲೋಹ ಕಾಡಿಗೆಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಕಪ್ಪು ಹೂದಾನಿಗಳ ಕಡೆ ಹೊಸಬರ ಕಣ್ಣೂ ಬಿತ್ತು. ಬೆಳ್ಳಿಯ ದರ ಏರಿದಂತೆಲ್ಲ ಬೆಲೆ ಏರುವುದು ಅನಿವಾರ್ಯ, ಆ ಬಗ್ಗೆ ಗೊಣಗುವುದು ನ್ಯಾಯವಲ್ಲ. ಇದನ್ನು ಉಜ್ಜಲೇಬಾರದು ಎನ್ನುವುದು ತಿಳಿದಿರಲಿ. ಹಿತ್ತಾಳೆಯ ಅಭ್ಯಾಸದಲ್ಲಿ ಯಾರಾದರೂ ಹುಣಸೆಹಣ್ಣು ಹಾಕಿದರೆ ಕುಶಲಕರ್ಮಿಯ ವಾರಗಳ ಕಪ್ಪು ಹತ್ತು ನಿಮಿಷದಲ್ಲಿ ಬೂದಿಬಣ್ಣಕ್ಕೆ ತಿರುಗುತ್ತದೆ. ಮೆತ್ತನೆ ಬಟ್ಟೆ, ಅಪರೂಪಕ್ಕೊಮ್ಮೆ ಕೊಬ್ಬರಿ ಎಣ್ಣೆಯ ಒಂದು ಹನಿ, ಅಷ್ಟೆ. ಒಂದೇ ಒಂದು ದುಬಾರಿ ವಸ್ತುವನ್ನು ಕೊಳ್ಳುತ್ತೇವೆ ಎನ್ನುವ, ಸೋಮಾರಿತನ ಒಪ್ಪಿಕೊಂಡ ಮನೆಗೆ ನಾನು ಹೇಳುವುದು ಬಿದರಿಯನ್ನೇ.

ಬಟ್ಟೆಯ ಸಾಮಾನಿನಲ್ಲಿ ತಕರಾರು ಕಡಿಮೆ. ಗುಳೇದಗುಡ್ಡದ ಖಣ ಕುಪ್ಪಸದಿಂದ ದಿಂಬಿಗೆ ಬಂದಿರುವುದು ನೇಕಾರರಿಗೂ ಲಾಭ, ಕಣ್ಣಿಗೂ ಹಬ್ಬ. ಪವರ್‌ಲೂಮಿನ ಪಾಲಿಯೆಸ್ಟರ್ ನಕಲು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ, ಮೆಷಿನ್ನಿಗೆ ಹಾಕಿದರೂ ಜಗ್ಗುವುದಿಲ್ಲ. ಮಕ್ಕಳು ದಿಂಬಿನಲ್ಲಿ ಬಡಿದಾಡುವ ಮನೆಯವರು ನಕಲನ್ನೇ ಕೊಂಡರೆ ತಪ್ಪೆಣಿಸುವುದು ಹೇಗೆ? ಅಸಲಿ ಖಣವನ್ನು ಮೊದಲ ಸಲ ಬೇರೆಯಾಗಿ, ತಣ್ಣೀರಿನಲ್ಲಿ ತೊಳೆಯಬೇಕು. ನೆಲಕ್ಕೆ ಹಾಸುವುದಾದರೆ ಮಾತ್ರ ನಾನು ಪಕ್ಷ ವಹಿಸುತ್ತೇನೆ. ನವಲಗುಂದದ ಹೆಂಗಸರು ಮನೆಯಲ್ಲೇ ಮಗ್ಗ ನಿಲ್ಲಿಸಿ ನೇಯುವ ಹತ್ತಿಯ ಜಮಖಾನದಲ್ಲಿ ಧೂಳು ಅಡಗಲು ಜುಂಗಿಲ್ಲ. ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಮುಗಿಯಿತು. ಕಾರ್ಖಾನೆಯ ಅಗ್ಗದ ಜುಂಗಿನ ರಗ್ಗಿಗೆ ಬೆನ್ನಿನಲ್ಲಿ ರಬ್ಬರಿನ ಅಂಟು ಇರುತ್ತದೆ. ವರ್ಷಗಳು ಕಳೆದಂತೆ ಅದು ಒಣಗಿ ಪುಡಿಯಾಗಿ ನೆಲದ ತುಂಬ ಉದುರುತ್ತದೆ. ತೊಂದರೆಯೆಂದರೆ ನವಲಗುಂದದಲ್ಲಿ ನೇಯುವವರು ಬೆರಳೆಣಿಕೆಯಷ್ಟು, ಬೇಕೆಂದಾಗ ಸಿಗುವುದಿಲ್ಲ.

ಮಲೆನಾಡಿನ ಚಿತ್ತಾರದ ಬುಟ್ಟಿಯ ವಿಷಯಕ್ಕೆ ಬಂದರೆ ಉಜ್ಜುವ ಲೆಕ್ಕ ಕೈಕೊಡುತ್ತದೆ. ಶಿವಮೊಗ್ಗ, ಉತ್ತರ ಕನ್ನಡದ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿಯನ್ನು ಅದ್ದಿ ಸಣ್ಣ ಸಣ್ಣ ಗೆರೆ ಎಳೆಯುತ್ತಾರೆ. ಆ ಬುಟ್ಟಿಯಲ್ಲಿ ಅಡುಗೆ ಹೊತ್ತು ಹೋಗಿ, ಬಸುರಿಯಾದ ಗದ್ದೆಗೆ ಚರಗ ಬೀರುತ್ತಾರೆ. ಬಣ್ಣ ಮಾಸಿದರೆ ಮುಂದಿನ ವರ್ಷ ಮತ್ತೆ ಬರೆದರಾಯಿತು. ಈಗ ಅದೇ ಚಿತ್ತಾರ ಆಕ್ರಿಲಿಕ್ಕಿನಲ್ಲಿ, ಚೌಕಟ್ಟು ಹಾಕಿಸಿಕೊಂಡು ಬೆಂಗಳೂರಿನ ಗೋಡೆಯಲ್ಲಿದೆ. ಗದ್ದೆಯ ಪೂಜೆ ಗೋಡೆಯ ಶೋಕಿಯಾಯಿತು ಎಂದು ಆಕ್ಷೇಪಿಸುವವರ ನೋವು ಸುಳ್ಳಲ್ಲ. ಬರೆದ ಕೈಗೆ ಮೊದಲ ಬಾರಿಗೆ ಕಾಸು ಬಂದಿತು, ಹೆಸರು ಬಂದಿತು ಎನ್ನುವುದೂ ಅಷ್ಟೇ ನಿಜ. ನನಗೆ ಕಸಿವಿಸಿಯಾಗುವುದು ಗೋಡೆಗೆ ಬಂದದ್ದರಿಂದಲ್ಲ, ಬರೆದವರ ಹೆಸರಿಲ್ಲದೆ, ಕಂಪ್ಯೂಟರಿನಲ್ಲಿ ನಕಲೆತ್ತಿ ಸ್ಟಿಕ್ಕರಾಗಿ ಬಂದಾಗ. ಗೋಡೆಗೆ ಬೇಕೆಂದರೆ ಬರೆಯುವವರನ್ನೇ ಮನೆಗೆ ಕರೆಸಿ, ದಿನದ ಕೂಲಿಯಲ್ಲ, ಕಲೆಯ ದರ ಕೊಟ್ಟು ಬರೆಸಬಹುದು. ಹಾಗೆ ಮಾಡುವವರೂ ಇದ್ದಾರೆ.

ನಾವೀಗ ನಗಾಡುವ ಎಂಬತ್ತು–ತೊಂಬತ್ತರ ದಶಕದ ಶೋಕೇಸಿಗೂ ಒಂದು ಮಾತು ಸಲ್ಲಬೇಕು. ಪ್ಲಾಸ್ಟಿಕ್ ಹೂ, ಪಿಂಗಾಣಿ ನಾಯಿಮರಿ, ಪ್ರವಾಸದಲ್ಲಿ ತಂದ ತಾಜಮಹಲು, ಸ್ಕೂಲಿನ ಕಪ್ಪು ಎಲ್ಲ ಒಂದರ ಪಕ್ಕ ಒಂದು. ರುಚಿ ಹೇಗೇ ಇರಲಿ, ಅದಕ್ಕೆ ಗಾಜಿನ ಬಾಗಿಲಿತ್ತು. ವರ್ಷಕ್ಕೊಮ್ಮೆ ತೆಗೆದು ಒರೆಸಿದರೆ ಸಾಕಿತ್ತು. ಈಗಿನ ತೆರೆದ ಶೆಲ್ಫುಗಳನ್ನು ರೂಪಿಸಿದವರು ಬೆಂಗಳೂರಿನಲ್ಲಿ ಧೂಳೇಳುವ ಹೊಸೂರು ರಸ್ತೆಯ ಪಕ್ಕ ಬಾಡಿಗೆಗಿದ್ದವರಲ್ಲ.

ಈ ಹಬ್ಬದ ಕಾಲದಲ್ಲಿ ಲೆಕ್ಕ ತೀರಾ ಸಿಕ್ಕಾಗುವುದು ಉಡುಗೊರೆಯಲ್ಲಿ. ಅಲ್ಲಿ ಆರಿಸುವವರು ಒಬ್ಬರು, ಧೂಳು ಹೊಡೆಯುವವರು ಇನ್ನೊಬ್ಬರು. ಸ್ವರ್ಣಗೌರಿಯ ದಿನ ಕೊಡುವ ಮೊರದ ಬಾಗಿನವನ್ನೇ ನೋಡಿ. ಮೇದರು ಹೆಣೆದ ಜೋಡಿ ಮೊರಕ್ಕೆ ಅರಿಶಿನ ಬಳಿದು, ಬಳೆ, ಬಿಚ್ಚೋಲೆ, ಧಾನ್ಯ, ಬೆಲ್ಲ, ಕಾಯಿ, ರವಿಕೆ ಕಣ ಇಟ್ಟು ಕೊಡುವುದು ಪದ್ಧತಿ. ಹಬ್ಬ ಕಳೆದ ಮೇಲೆ ಆ ಮೊರ ಅಕ್ಕಿ ಕೇರಲು ಆಗುತ್ತಿತ್ತು. ಈಗ ಅದಕ್ಕೆ ಬಣ್ಣ, ಲೇಸು, ಕುಂದಣದ ಕಲ್ಲು, ಥರ್ಮಾಕೋಲಿನ ಗೌರಿಮುಖ. ಮನೆಯಲ್ಲೇ ಕೂತು ಈ ಅಲಂಕಾರ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಶ್ರಾವಣ–ಭಾದ್ರಪದದ ಸಂಪಾದನೆ ಇದೇ, ಅದನ್ನು ಬೇಡವೆನ್ನಲು ಮನಸ್ಸು ಬಾರದು. ಮೊರ ಪಡೆದವರಿಗೆ ಮಾತ್ರ ಅದರಲ್ಲಿ ಕೇರಲೂ ಆಗುವುದಿಲ್ಲ, ಎಸೆಯಲೂ ಕೈ ಬರುವುದಿಲ್ಲ. ಅಟ್ಟದ ಮೇಲೆ ಒಂದರೊಳಗೊಂದು ಕೂರುತ್ತವೆ. ಬಟ್ಟೆಯಲ್ಲಿ ಹೊಲಿದ ಅಲಂಕಾರವನ್ನು ಮೊರಕ್ಕೆ ಅಂಟಿಸದೆ ಸುತ್ತ ಕಟ್ಟಿ ಕೊಟ್ಟರೆ ಇಬ್ಬರಿಗೂ ಅನುಕೂಲ: ಬಿಚ್ಚಿದ ಮೇಲೆ ಮೊರವೂ ಉಳಿಯುತ್ತದೆ, ಲೇಸೂ ಮುಂದಿನ ವರ್ಷಕ್ಕೆ ಬರುತ್ತದೆ. ಅದೂ ಬೇಡವೆಂದರೆ ‘ಬರೀ ಮೊರ ಇದ್ರೆ ಕೊಡಿಯಮ್ಮ’ ಎಂದು ಕೇಳಿ ನೋಡಬಹುದು. ಮೇದರ ಅಂಗಡಿಗಳಲ್ಲಿ ಅವು ಇನ್ನೂ ಸಿಗುತ್ತವೆ, ಮುಂದುಗಡೆ ತೂಗುಹಾಕಿರುವುದಿಲ್ಲ ಅಷ್ಟೆ.